ಎರಡು ಸಲ ಅಂಟಿಕೊಂಡ ಟೈಪ್‌ರೈಟರ್

೧೯೫೮ರಲ್ಲಿ ನಾನು ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಇಂಗ್ಲಿಷ್ ಟೈಪಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ವಾರದ ಆರು ದಿನ ಟೈಪ್‌ರೈಟರ್ ಬಡಿಯುವುದು ಸಂಬಳದ ಕೆಲಸ. ಭಾನುವಾರ ಹಳೆಯ ಟೈಪ್‌ರೈಟರ್ ಬಿಚ್ಚಿಕೊಂಡು ಕೂರುವುದು ನನ್ನ ಹುಚ್ಚು. ಕಚೇರಿಯ ಮಿಷನ್ ನೋಡಲು ಶಿವಮೊಗ್ಗದಿಂದ ಬರುತ್ತಿದ್ದ ಮೆಕ್ಯಾನಿಕ್‌ಗೆ ಕಾಫಿ ಕೊಡಿಸಿ, ಪಕ್ಕದಲ್ಲಿ ಕೂತು, ನೋಡಿ ನೋಡಿ ಕಲಿತ ವಿದ್ಯೆ ಅದು. ನಾಲ್ಕು ಸ್ಕ್ರೂಡ್ರೈವರ್, ಒಂದು ಇಕ್ಕಳ, ಎರಡು ಬ್ರಶ್, ಒಂದು ಸೀಸೆ ಸೀಮೆಎಣ್ಣೆ, ಇಷ್ಟೇ ನನ್ನ ಕಾರ್ಖಾನೆ.

ಒಂದು ಭಾನುವಾರ ಸೊರಬದ ಬಸ್ಸಿಳಿದು, ಗೋಣಿಚೀಲವನ್ನು ಕೂಸಿನಂತೆ ತಬ್ಬಿಕೊಂಡು, ಐವತ್ತರ ಆಸುಪಾಸಿನವರೊಬ್ಬರು ಮನೆಗೆ ಬಂದರು. ಹೆಸರು ವೀರಭದ್ರಪ್ಪ. ಸೊರಬದಲ್ಲಿ ಜನರಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಜಿ, ಕಾಗದ ಬರೆದುಕೊಟ್ಟು ಸಂಸಾರ ನಡೆಸುವವರು. ಹೊಸಬಾಳೆಯಂಥ ಸುತ್ತಲ ಊರಿನವರೂ ಹುಡುಕಿಕೊಂಡು ಬರುವಷ್ಟು ಚೆಂದದ ಕೈಬರಹ. ಆದರೆ ಒಂದು ವರ್ಷದಿಂದ ಪೆನ್ನು ಹಿಡಿದರೆ ಸಾಕು, ಬಲಗೈ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಊಟ ಮಾಡಬಲ್ಲರು, ಬೀಗ ತೆಗೆಯಬಲ್ಲರು, ಬರೆಯಲು ಮಾತ್ರ ಆಗದು. ಅದಕ್ಕೇ ಸಾಗರದಲ್ಲಿ ಯಾರಿಂದಲೋ ಹಳೆಯ ಇಂಗ್ಲಿಷ್ ಟೈಪ್‌ರೈಟರ್ ತಂದು, ಎರಡು ಬೆರಳಲ್ಲಿ ಕುಟ್ಟುವುದನ್ನು ಕಲಿತಿದ್ದರು. ಆ ಮಿಷನ್ ನನಗಿಂತ ಹಿರಿಯದು. ಅದೀಗ ನಿಂತುಬಿಟ್ಟಿತ್ತು.

"ಅಕ್ಕಿ ಗಿರಣಿ ಸಾಹುಕಾರ್ರು ಒಂದನೇ ತಾರೀಖಿಂದ ತಮ್ಮ ಇಂಗ್ಲಿಷ್ ಕಾಗದ ಎಲ್ಲಾ ನಂಗೇ ಕೊಡ್ತೀನಿ ಅಂದಾರೆ. ಮಿಷನ್ ನಡೀದಿದ್ರೆ ಬೇರೆಯವರನ್ನ ಕರೆಸ್ತಾರಂತೆ. ಕೈಯಂತೂ ಹೋಯ್ತು ರೀ. ಇದೂ ಹೋದ್ರೆ ನಾನು ಜಗಲಿ ಕಾಯದೇ ಸೈ."

ಒಂದನೇ ತಾರೀಖಿಗೆ ಹನ್ನೆರಡು ದಿನ ಉಳಿದಿತ್ತು.

ಮುಚ್ಚಳ ತೆಗೆದೆ. ಟೈಪ್‌ರೈಟರಿನ ನಡುವೆ ಸೆಗ್ಮೆಂಟ್ ಎಂಬ ಭಾಗವಿರುತ್ತದೆ. ಅರ್ಧ ಚಂದ್ರಾಕಾರದ ಕಬ್ಬಿಣದ ಬಾಚಣಿಗೆ ಅನ್ನಿ. ಅದರ ಒಂದೊಂದು ಸೀಳಿನಲ್ಲಿ ಒಂದೊಂದು ಅಕ್ಷರದ ಕಡ್ಡಿ ಎದ್ದು ಬೀಳಬೇಕು. ಅಲ್ಲಿಗೆ ಎಣ್ಣೆ ತಾಗಿಸಬಾರದು, ಧೂಳು ಕೂತು ಅಂಟಾಗುತ್ತದೆ. ಇಲ್ಲಿ ಕಡ್ಡಿಗಳೆಲ್ಲ ಜೋನಿಬೆಲ್ಲದಲ್ಲಿ ಅದ್ದಿದ ಹಾಗೆ ಹಿಡಿದುಕೊಂಡಿದ್ದವು.

"ಎಣ್ಣೆ ಹಾಕಿದ್ರಾ ಯಜಮಾನ್ರೇ?"

"ಶಿವನಾಣೆ, ಒಂದು ಹನಿನೂ ಮುಟ್ಸಿಲ್ಲ ರೀ!"

ಹಿಂದಿನ ಮಾಲೀಕರು ಹಾಕಿದ್ದಿರಬೇಕು ಎಂದುಕೊಂಡೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಅಕ್ಷರಗಳು ಹುರಿಯುವ ಜೋಳದ ಹಾಗೆ ಸಿಡಿಯತೊಡಗಿದವು. "ಇನ್ನು ಹತ್ತು ವರ್ಷ ಇದರ ತಂಟೆ ಇಲ್ಲ" ಎಂದು ಜಂಬ ಕೊಚ್ಚಿ ಕಳಿಸಿಕೊಟ್ಟೆ.

ಮುಂದಿನ ಭಾನುವಾರ ಅದೇ ಬಸ್ಸು, ಅದೇ ಗೋಣಿಚೀಲ. "ಹತ್ತು ವರ್ಷ ಭಾಳ ಬೇಗ ಮುಗೀತು ಟೈಪಿಸ್ಟ್ರೇ" ಎಂದರು ವೀರಭದ್ರಪ್ಪ. ನಗಲು ನೋಡಿದರು, ಆಗಲಿಲ್ಲ.

ಅದೇ ಅಂಟು. ಉಜ್ಜಿ ನೋಡಿದರೆ ಬೆರಳಿಗೆ ಬೂದುಬಣ್ಣದ ಪುಡಿಯೂ ಹತ್ತಿತು. ನನಗೆ ನಾಚಿಕೆಯಾಯಿತು. ರೋಗ ತೊಳೆದಿದ್ದೆ, ರೋಗ ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಇನ್ನು ಐದೇ ದಿನ. ಸೋಮವಾರಕ್ಕೆ ರಜೆ ಚೀಟಿ ಕಳಿಸಿ, ಮಿಷನ್ನನ್ನು ತೊಳೆಯದೆ ಹಾಗೇ ಗೋಣಿಚೀಲಕ್ಕೆ ಹಾಕಿಸಿ, ಹತಾರದ ಚೀಲ ಹೆಗಲಿಗೇರಿಸಿ, ಅವರ ಜೊತೆಯೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟೆ.

ಮರುದಿನ ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಕೆರೆಗೆ ಹೋಗಿದ್ದರು. ನಾನು ಪಡಸಾಲೆಯ ಮೂಲೆಯಲ್ಲಿ ಕೂತಿದ್ದೆ. ಅವರ ಹೆಂಡತಿ ರುದ್ರಮ್ಮ ಪೂಜೆ ಮುಗಿಸಿ ಬಂದು, ಟೈಪ್‌ರೈಟರಿನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಆಮೇಲೆ ಬಟ್ಟಲಲ್ಲಿ ಹತ್ತಿಯ ಬತ್ತಿ ಅದ್ದಿ, ನೇರ ಆ ಕಡ್ಡಿಗಳ ಬುಡಕ್ಕೇ ಹನಿ ಹನಿಯಾಗಿ ಹಿಂಡತೊಡಗಿದರು.

"ಅಮ್ಮಾ, ಅದೇನು?"

"ಹರಳೆಣ್ಣೆ ತಮ್ಮಾ. ಗಾಡಿ ಕೀಲಿಗೆ ಹಾಕಲ್ವಾ, ಹಂಗೆ. ಇವರ ಬೆರಳಿಗೂ ದಿನಾ ಇದನ್ನೇ ತಿಕ್ತೀನಿ. ಈಗ ಇವರ ಬದ್ಲಿಗೆ ಇದು ಬರೀತದೆ. ದಿನಾ ಅಷ್ಟು ಕುಟ್ಟಿಸ್ಕಂಡ್ರೆ ಪಾಪ, ಇದರ ಬೆರಳೂ ಸೆಟೀದೇ ಇರ್ತಾವಾ?"

ಅಷ್ಟರಲ್ಲಿ ವೀರಭದ್ರಪ್ಪ ಒಳಗೆ ಬಂದರು. ವಿಭೂತಿ ಅವರಿಗೆ ಗೊತ್ತಿತ್ತು, ಎಣ್ಣೆ ಗೊತ್ತಿರಲಿಲ್ಲ. "ನನ್ನ ಅನ್ನಕ್ಕೇ ಎಣ್ಣೆ ಹೊಯ್ದಲ್ಲೇ!" ಎಂದು ಕೂಗಿದರು.

"ಒಂದು ವರ್ಷದಿಂದ ನಿಮ್ಮ ಕೈಗೂ ಹೊಯ್ತಾ ಇದ್ದೀನಿ. ಆಗ ಬಾಯಿ ಬರ್ಲಿಲ್ಲ?" ರುದ್ರಮ್ಮನ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು.

ನಾನು ತೊಳೆಯಲು ಕೂತೆ. ಅವಸರಕ್ಕೆ ನನ್ನಿಂದಲೇ ಇನ್ನೊಂದು ಅನಾಹುತವಾಯಿತು. ಕಾಗದ ಹೊತ್ತು ಎಡಕ್ಕೆ ಸರಿಯುವ ಕ್ಯಾರೇಜನ್ನು ಎಳೆಯಲು ಡ್ರಾ ಬ್ಯಾಂಡ್ ಎಂಬ ನೇಯ್ದ ಪಟ್ಟಿ ಇರುತ್ತದೆ. ಹಳೆಯದಾಗಿತ್ತು, ನನ್ನ ಇಕ್ಕಳ ತಾಗಿ ಟಪ್ಪನೆ ಹರಿಯಿತು. ಹೊಸದು ತರಿಸಲು ಹದಿನೈದು ದಿನ ಬೇಕು.

ರುದ್ರಮ್ಮ ಹರಿದ ಪಟ್ಟಿಯನ್ನೆತ್ತಿ ಎರಡು ಕೈಯಲ್ಲಿ ಜಗ್ಗಿ ನೋಡಿ, ಒಳಗೆ ಹೋಗಿ ಟ್ರಂಕು ತೆಗೆದರು. ತಂದದ್ದು ಲಂಗಕ್ಕೆ ಹಾಕುವ ಹೊಸ ಲಾಡಿ.

"ಇದು ಆಗಲ್ವಾ? ಜಗ್ಗಿದ್ರೆ ಹರಿಯದಿಲ್ಲ."

"ಗಿರಣಿ ಸಾಹುಕಾರ್ರಿಗೆ ಗೊತ್ತಾದ್ರೆ ಮಾನ ಹೋಗ್ತದೆ" ಎಂದರು ಯಜಮಾನರು.

"ನೀವು ಬಿಚ್ಚಿ ತೋರಿಸ್ಬೇಡಿ, ಅಷ್ಟೇ."

ಅಗಲ ತುಸು ಹೆಚ್ಚಿತ್ತು. ಅಂಚು ಮಡಚಿ, ಕೊಕ್ಕೆಗೆ ಸಿಕ್ಕುವಂತೆ ತುದಿಗೆ ಕುಣಿಕೆ ಹೊಲಿದುಕೊಟ್ಟವರೂ ಅವರೇ. ಪಟ್ಟಿಯನ್ನು ಎಳೆಯುವ ಸ್ಪ್ರಿಂಗ್ ಬಿಗಿದು ಒಂದು ಕೀ ಒತ್ತಿದೆ. ಕ್ಯಾರೇಜು ಒಂದು ಹೆಜ್ಜೆ ಸರಿಯಿತು. ಇನ್ನೊಂದು ಒತ್ತಿದೆ, ಇನ್ನೊಂದು ಹೆಜ್ಜೆ. ವೀರಭದ್ರಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು.

ಹೊರಡುವಾಗ ರುದ್ರಮ್ಮ ಕೇಳಿದರು: "ಹಂಗಾರೆ ನಾನು ಇದಕ್ಕೆ ಎಂತ ಮಾಡಬೇಕು?"

ಏನೂ ಮಾಡಬೇಡಿ ಎನ್ನಲು ಬಾಯಿ ತೆರೆದಿದ್ದೆ. ಆ ಮುಖ ನೋಡಿ ಹೇಳಲಾಗಲಿಲ್ಲ. ನನ್ನ ಬ್ರಶ್ ಒಂದನ್ನು ಅವರ ಕೈಗಿಟ್ಟು, "ದಿನಾ ಬೆಳಿಗ್ಗೆ ಹಿಂದಿನಿಂದ ಮುಂದಕ್ಕೆ ಧೂಳು ತೆಗೀರಿ. ಒಣಗಿದ ಬ್ರಶ್ಶೇ ಆಗ್ಬೇಕು. ವಿಭೂತಿ ಬೇಕಾದ್ರೆ ಮುಚ್ಚಳಕ್ಕೆ ಹಚ್ಚಿ" ಎಂದೆ.

ತಿಂಗಳು ಹುಟ್ಟಿದ ಮೇಲೆ ಕಚೇರಿಗೆ ನನ್ನ ಹೆಸರಿನಲ್ಲಿ ಒಂದು ಕಾಗದ ಬಂತು. ನಾಲ್ಕೇ ಸಾಲು, ಟೈಪ್ ಮಾಡಿದ್ದು. ಗಿರಣಿಯ ಕೆಲಸ ಕೈಗೆ ಬಂದಿದೆ, ಈಗಾಗಲೇ ಒಂಬತ್ತು ಕಾಗದ ಹೋಗಿವೆ, ಒಂದು ಅಕ್ಷರವೂ ಅಂಟಿಲ್ಲ ಎಂದು ಬರೆದಿದ್ದರು. ಕೆಳಗೆ ಅಂಕುಡೊಂಕಾದ ಸಹಿ, ಪಕ್ಕದಲ್ಲಿ ಒಂದು ಶಾಯಿ ಚುಕ್ಕೆ. ಅಷ್ಟನ್ನು ಮಾತ್ರ ಪೆನ್ನು ಹಿಡಿದು ತಾವೇ ಬರೆದಿದ್ದರು.

ಆಮೇಲೆ ನಿವೃತ್ತನಾಗುವವರೆಗೆ, ನಿವೃತ್ತನಾದ ಮೇಲೂ, ಎಷ್ಟೋ ಮಿಷನ್ ಬಿಚ್ಚಿದ್ದೇನೆ. ಆದರೆ ಎಣ್ಣೆ ಹಾಕಿದ್ದೀರಾ ಎಂದು ಯಾರನ್ನೂ ಮೊದಲು ಕೇಳಿದವನಲ್ಲ. "ನಿಮ್ಮ ಮನೇಲಿ ಇದನ್ನ ಅಕ್ಕರೆಯಿಂದ ನೋಡ್ಕೊಳ್ಳೋರು ಯಾರು?" ಎಂದು ಕೇಳುತ್ತೇನೆ. ಹೆಸರು ಹೇಳಿದರೆ, ಅವರನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೇ ಮುಚ್ಚಳ ತೆಗೆಯುತ್ತೇನೆ.