ಬೆನ್ನ ಮೇಲಿನ ಏಳು

ಶಿವಲೀಲಾ, ಅಂದು ನಿನ್ನ ಬೆನ್ನ ಮೇಲೆ ಎದ್ದದ್ದು ಬೆವರುಸಾಲೆಯಲ್ಲ. ಅದು ಏಳು ಎಂಬ ಅಂಕಿ. ನಿನ್ನ ಹೊಸ ಜೆರ್ಸಿಯ ನಂಬರು ತಿದ್ದಿ ಬರೆದ ಹಾಗೆ ಕೆಂಪಗೆ ಚರ್ಮದ ಮೇಲೆ ಮೂಡಿತ್ತು. ನಾನು ಕಣ್ಣಾರೆ ನೋಡಿದೆ — ನೋಡಿಯೂ ಸುಳ್ಳು ಹೇಳಿದೆ.

ನಮ್ಮ ಶಾಲೆಯ ಹುಡುಗಿಯರ ಖೋ-ಖೋ ತಂಡಕ್ಕೆ ಅವೇ ಮೊದಲ ಜೆರ್ಸಿಗಳು. ಪಿ.ಟಿ. ಟೀಚರ್ ಆದ ನಾನೇ ಕಲಬುರಗಿಗೆ ಹೋಗಿ ಆರಿಸಿ ತಂದಿದ್ದೆ. ಗಂಟು ಬಿಚ್ಚಿದಾಗ ಸ್ಟಾಫ್ ರೂಮಿಗೆಲ್ಲ ಸೀಮೆಎಣ್ಣೆಯಂಥ ವಾಸನೆ. ಗಣಿತದ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಹೋದರು. ಹೊಸ ಬಟ್ಟೆಯ ವಾಸನೆ ಅದು, ನಿಮಗೇನು ಗೊತ್ತು ಎಂದು ನಾನು ನಕ್ಕೆ. ಆದರೆ ಅಂಗಡಿಯವನು ನನಗೆ ಮೊದಲೇ ಹೇಳಿದ್ದ: "ಮೇಡಂ, ಎರಡ್ ಸಲ ತೊಳದು ಹಾಕಸ್ರಿ. ಬಣ್ಣದಾಗ, ನಂಬರ್ ಹಚ್ಚೋ ಅಂಟಿನಾಗ ಕೆಮಿಕಲ್ ಇರ್ತಾವ. ಕೆಲವ್ರ ಮೈಗಿ ಆಗಂಗಿಲ್ಲ."

ತೊಳೆದರೆ ಹೊಳಪು ಹೋಗುತ್ತದೆ. ಆಳಂದದ ತಾಲೂಕು ಪಂದ್ಯಕ್ಕೆ ನನ್ನ ಹುಡುಗಿಯರು ಮಿರಮಿರ ಮಿಂಚಬೇಕಿತ್ತು — ನಿಜ ಹೇಳಬೇಕೆಂದರೆ, ನಾನು ಮಿಂಚಬೇಕಿತ್ತು.

ತೊಳೆಯದೆಯೇ ತೊಡಿಸಿದ ಮೂರನೆಯ ದಿನ ನೀನು ಬಂದು ಬೆನ್ನು ತೋರಿಸಿದೆ. "ಮೇಡಂ, ಭಾಳ ತುರಸಾಕತ್ತದ್ರಿ. ಏನ್ ಆಗ್ಯಾದ ನೋಡ್ರಿ." ಕುತ್ತಿಗೆಯ ಪಟ್ಟಿಯ ಸುತ್ತ ಕೆಂಪು ಗೆರೆ, ಕೆಳಗೆ ಆ ಏಳು. ನನ್ನ ಬಾಯಿಗೆ ತಕ್ಷಣ ಬಂದದ್ದು ಇದು: "ಏನಿಲ್ಲ ಬೇ, ಬೆವರಸಾಲಿ. ಶಿವದಾರ ತಿಕ್ಕಾಕತ್ತದ. ಆಟ ಮುಗಿಯೂತನ ಲಿಂಗ ತೆಗೆದು ದೇವರ ಜಗಲಿ ಮ್ಯಾಲಿಡು."

ನನ್ನ ಕೊರಳಲ್ಲೂ ಶಿವದಾರವಿತ್ತು, ಶಿವಲೀಲಾ. ಕಟ್ಟಿದ ಲಿಂಗವನ್ನು ಮೈಯಿಂದ ಇಳಿಸಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನೀನು ತೆಗೆದಿಟ್ಟೆ. ಮನೆಯ ಹಿರಿಯರಾದ ನಿಮ್ಮ ಆಯಿ ಬೈಯಲಿಲ್ಲ. ಎಂಟು ದಿನ ನೀನು ಬಡಿದ ರೊಟ್ಟಿಯನ್ನು ಮುಟ್ಟಲಿಲ್ಲ, ಅಷ್ಟೇ. ತುರಿಕೆ ಮಾತ್ರ ಹೋಗಲಿಲ್ಲ. ಪಂದ್ಯ ಗೆದ್ದೆವು, ಜೆರ್ಸಿಗಳು ಬೀರು ಸೇರಿದವು, ನೀನು ಮತ್ತೆ ಲಿಂಗ ಕಟ್ಟಿಕೊಂಡೆ, ಬೆನ್ನೂ ವಾಸಿಯಾಯಿತು. ಲಿಂಗ ಬಿಟ್ಟದ್ದಕ್ಕೇ ಅಷ್ಟು ದಿನ ಉಳೀತೇನ್ರಿ ಎಂದು ನೀನು ಕೇಳಿದೆ. ನಾನು ಹೂಂ ಅಂದೆ — ಆ ಹೂಂ ಎರಡನೆಯ ಸುಳ್ಳು.

ಈಗ ನಾನು ನಿವೃತ್ತಳು, ಸುಖವಾಗಿದ್ದೇನೆ. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳನ್ನೆಲ್ಲ ನೆಟ್ಟಗೆ ನಡೀರಿ ಎಂದು ಗದರುವುದೇ ನನ್ನ ಕೆಲಸ. ಹೋದ ತಿಂಗಳು ನಿನ್ನ ಶಾಲೆಯ ಪಂದ್ಯಕ್ಕೆ ಅಂಪೈರ್ ಆಗಲು ನೀನು ನನ್ನನ್ನು ಕೊಳಕೂರಿಗೆ ಕರೆದಾಗ ಹಿಗ್ಗಿಹೋದೆ. ನೀನೂ ಪಿ.ಟಿ. ಟೀಚರ್, ಕೊರಳಲ್ಲಿ ನನ್ನದರಂಥದೇ ಸೀಟಿ! ಅಂಗಳದ ಹಗ್ಗದ ಮೇಲೆ ಹೊಸ ಜೆರ್ಸಿಗಳು ಒಣಗುತ್ತಿದ್ದವು.

"ಹೊಸಾವ ಯಾಕ ತೊಳದಿ?"

"ಕೆಮಿಕಲ್ ಇರ್ತಾವಂತ್ರಿ ಮೇಡಂ. ಅಂಗಡ್ಯಾವ ಹೇಳಿದ." ಆಮೇಲೆ ನೀನು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು ನಕ್ಕೆ. "ನಂದು ಹಂಗಲ್ರಿ. ನನ್ನ ಬೆನ್ನಿಂದು ಲಿಂಗ ಬಿಟ್ಟ ತಪ್ಪಿಗೇ ಉಳದಿತ್ತು."

ಇಷ್ಟು ವರ್ಷ ಆದ ಮೇಲೂ ನೀನು ನನ್ನ ಸುಳ್ಳನ್ನೇ ನಂಬಿದ್ದೆ — ಮಕ್ಕಳು ಸುತ್ತ ನಿಂತಿದ್ದರು. ನಿಜ ಹೇಳುವ ಬದಲು ನಾನು ಸೀಟಿ ಊದಿದೆ.

ನಿನ್ನೆ ನರೋಣಾಕ್ಕೆ, ನಿಮ್ಮ ಆಯಿಯ ಮನೆಗೆ ಹೋಗಿ ಅವರ ಮುಂದೆ ಎಲ್ಲವನ್ನೂ ಹೇಳಿದೆ. ಕಿವಿ ಮಂದವಾಗಿದೆ ಅವರಿಗೆ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಪಕ್ಕದ ಮನೆಯವರೂ ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳಲಿ. ಹೇಳಿ ಮುಗಿದಾಗ ಮನಸ್ಸು ಹಗುರಾಯಿತು. ಆಯಿ ಚಹಾದ ಬಸಿಯನ್ನು ನನ್ನ ಮುಂದೆ ಸರಿಸಿದರು.

"ಎಂಟ್ ದಿನ ಕೂಸಿನ ಕೈಯಾಗಿನ ರೊಟ್ಟಿ ದೂಡಿದೆ ನಾ," ಅಂದರು. "ಅಕಿಗೂ ನೀವೇ ಹೇಳ್ರಿ." ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಎದ್ದಾಗ ಅವರು ಇನ್ನೊಂದು ಕೇಳಿದರು. "ಅಕಿ ಬೆನ್ನ ಅಕಿಗಿ ಕಾಣಂಗಿಲ್ಲ. ನಿಮಗ ಕಾಣತಿತ್ತಲ್ರಿ, ಟೀಚರ್?"

ಕಾಣುತ್ತಿತ್ತು, ಶಿವಲೀಲಾ.