ಅಂಬಲಿ ಕುಡಿದ ಫಾರ್ಗೊ

ಹೊಳಲಿನ ಚಿಕ್ಕಬೋರಮ್ಮ ಬೆಳಗ್ಗೆ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಒಲೆ ಹಚ್ಚುವುದಕ್ಕೂ ಮುಂಚೆ ಗಾಡಿಗೆ ನೀರು ಕುಡಿಸುತ್ತಿದ್ದಳು. ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ಬಾವಿ ನೀರನ್ನು ಸೋಸಿಕೊಳ್ಳುವಳು. ಸೋಗೆ ಚಪ್ಪರದ ಕೆಳಗೆ ನಿಂತಿರುತ್ತಿದ್ದ ಹಸಿರು ಪಿಕಪ್ಪಿನ ಮೂತಿಯ ಮುಚ್ಚಳ ತಿರುಗಿಸಿ ರೇಡಿಯೇಟರಿಗೆ ಕಂಠದವರೆಗೂ ತುಂಬುವಳು. ಆಮೇಲೆ "ಮಾದಪ್ಪ, ನಿನ್ ಪಾದ" ಎಂದು ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಜ್ವರ ಬಂದರೂ ಇದು ತಪ್ಪುತ್ತಿರಲಿಲ್ಲ. ದೇವರ ಗೂಡಿನ ಹತ್ತಿರ ಹೋಗಬಾರದ ದಿನಗಳಲ್ಲೂ ತಪ್ಪುತ್ತಿರಲಿಲ್ಲ. ಅತ್ತೆ ಒಮ್ಮೆ ಆಕ್ಷೇಪಿಸಿದಾಗ, "ಅದು ಹೆಂಗುಸ್ರನ್ನ ಹೊರೋ ಗಾಡಿ ಕಣತ್ತೆ, ಅದುಕ್ಯಾವ ಮೈಲ್ಗೆ?" ಅಂದಿದ್ದಳು.

ಗಾಡಿ ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬಂದ ಫಾರ್ಗೊ ಕಂಪನಿಯದು. ಶಿಂಷಾದ ಕಡೆ ಕೆಲಸ ಹಿಡಿದಿದ್ದ ಕಾಂಟ್ರಾಕ್ಟರೊಬ್ಬರು ಅದನ್ನು ಇಟ್ಟುಕೊಂಡಿದ್ದರು. ಚಿಕ್ಕಬೋರಮ್ಮನ ಗಂಡ ಹೊನ್ನಯ್ಯ ಅವರಲ್ಲಿ ಡ್ರೈವರಾಗಿದ್ದ. ಅವರು ಕೆಲಸ ಮುಗಿಸಿ ಊರು ಬಿಡುವಾಗ, ಈ ಮುದಿ ಕುದುರೆ ಬೇರೆ ಯಾರ ಮಾತೂ ಕೇಳುವುದಿಲ್ಲವೆಂದು ಅವನಿಗೇ ಬಿಟ್ಟುಕೊಟ್ಟು ಹೋದರು. ಹಿಂದಿನ ಹಲಗೆಗಳನ್ನು ಹೊನ್ನಯ್ಯ ಎರಡು ಸಲ ಬದಲಿಸಿದ್ದ, ಬಾಗಿಲಿಗೆ ಬೇರೆ ಚಿಲಕ ಹಾಕಿಸಿದ್ದ. ಇಂಜಿನ್ನು ಮಾತ್ರ ಬಂದಾಗಿನದೇ. ಚಳಿಗಾಲದಲ್ಲಿ ಅದನ್ನು ಹತ್ತಿಸಲು ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಹೊಡೆದು ಹೊಡೆದು ಅವನ ಭುಜ ಇಳಿದುಹೋಗುತ್ತಿತ್ತು. ಒಮ್ಮೆ ಹತ್ತಿಕೊಂಡಿತೆಂದರೆ ಆ ಇಂಜಿನ್ನು ಮಜ್ಜಿಗೆ ಕಡೆದಂತೆ ಸದ್ದು ಮಾಡುತ್ತಾ ನಯವಾಗಿ ಓಡುತ್ತಿತ್ತು.

ಮಂಡ್ಯದ ಮಾರುಕಟ್ಟೆಗೆ ಬೆಲ್ಲ, ಸಂತೆಗೆ ಬಂಡೂರಿನ ಕುರಿ, ಹೀಗೆ ಸಿಕ್ಕಿದ ಬಾಡಿಗೆಗೆ ಅದು ಹೋಗುತ್ತಿತ್ತು. ಆದರೆ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಹೆಸರು ಬಂದಿದ್ದು ಬಸುರಿ ಬಾಣಂತಿಯರಿಂದ. ನೋವು ಶುರುವಾದವರನ್ನು ಮಂಡ್ಯದ ಆಸ್ಪತ್ರೆಗೆ ಒಯ್ಯಲು, ಹೆತ್ತವರನ್ನು ತವರಿಗೆ ಬಿಡಲು ಹೊನ್ನಯ್ಯನ ಗಾಡಿಯೇ ಬೇಕು ಎನ್ನುತ್ತಿದ್ದರು. ಹಿಂದೆ ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹೊದಿಸಿ ಚಿಕ್ಕಬೋರಮ್ಮ ತಾನೂ ಹತ್ತಿ ಕೂರುವಳು. ಹೆಣ್ಣಿನ ತಲೆ ಆಕೆಯ ತೊಡೆಯ ಮೇಲೆ, ಪಕ್ಕದಲ್ಲಿ ಬಿಸಿನೀರಿನ ಹಿತ್ತಾಳೆ ಚೊಂಬು. ಚಿಕ್ಕಬೋರಮ್ಮನ ಮೊದಲ ಹೆರಿಗೆಯಲ್ಲಿ ಎತ್ತಿನಗಾಡಿಯೇ ಗತಿಯಾಗಿತ್ತು; ಆ ಕೂಸು ಉಳಿಯಲಿಲ್ಲ. ಆ ದಾರಿಯ ವಿಷಯ ಅವಳು ಯಾರ ಹತ್ತಿರವೂ ಆಡಿದ್ದಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಈಗ ಗಂಡನ ಮನೆಯಲ್ಲಿದ್ದರು.

ಎಪ್ಪತ್ನಾಲ್ಕರ ಹೊತ್ತಿಗೆ ಪೆಟ್ರೋಲಿನ ಬೆಲೆ ಏರಿ, ಹಳೇ ಗಾಡಿ ಇಟ್ಟವರೆಲ್ಲ ಇಂಜಿನ್ನು ಇಳಿಸಿ ಡೀಸೆಲ್ ಇಂಜಿನ್ನು ಕೂರಿಸತೊಡಗಿದರು. ಹೊನ್ನಯ್ಯನಿಗೂ ಹೇಳದವರಿಲ್ಲ. ಅವನು ಬೀಡಿ ಹಚ್ಚಿ, "ನೋಡಾನ" ಎನ್ನುತ್ತಿದ್ದ.

ಆ ಮಾಘದಲ್ಲಿ ಮಳವಳ್ಳಿ ಕಡೆಯ ಆಲೆಮನೆ ಮುದ್ದಯ್ಯನವರ ಮಗಳು ಇಂದ್ರಮ್ಮ ಮಂಡ್ಯದ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ಅವಳನ್ನು ತವರಿಗೆ ಕರೆತರಲು ಗಂಡ ಹೆಂಡಿರು ಹೋದರು. ಬಾಣಂತಿ ಆಸ್ಪತ್ರೆಯ ಹೊಸ್ತಿಲು ದಾಟುವ ಮುಂಚೆ ಚಿಕ್ಕಬೋರಮ್ಮ ಅವಳ ಪಾದಕ್ಕೆ, ಕೆನ್ನೆಗೆ ಅರಿಶಿನ ಹಚ್ಚಿದಳು. ಪಕ್ಕದ ಮಂಚದ ಇಬ್ಬರು ಬಾಣಂತಿಯರು ಆಸೆಯಿಂದ ನೋಡಿದ್ದಕ್ಕೆ ಅವರಿಗೂ ಹಚ್ಚಿದಳು. ಗಾಡಿಯ ಅರಿಶಿನದ ಡಬ್ಬಿ ಅಲ್ಲಿಗೆ ಖಾಲಿಯಾಯಿತು.

ಆ ಡಬ್ಬಿ ಗಾಡಿಯಲ್ಲಿ ಇರುತ್ತಿದ್ದದ್ದು ಬಾಣಂತಿಯರಿಗಷ್ಟೇ ಅಲ್ಲ. ರೇಡಿಯೇಟರು ಸೋರಿದರೆ ಒಳಗೆ ಒಂದು ಹಿಡಿ ಅರಿಶಿನ ಸುರಿದರೆ ಸಾಕು, ಅದು ಸಂದಿಯಲ್ಲಿ ಕೂತು ಸೋರಿಕೆ ನಿಲ್ಲಿಸುತ್ತಿತ್ತು. ಹಳೇ ಡ್ರೈವರುಗಳೆಲ್ಲ ಮಾಡುತ್ತಿದ್ದ ಉಪಾಯ ಅದು.

ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿದ ಮೇಲೆ ಮೂತಿಯಿಂದ ಹಬೆ ಎದ್ದಿತು. ಹೊನ್ನಯ್ಯ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಕೊಡ ಎತ್ತಿಕೊಂಡು ನೀರು ಹುಡುಕಲು ಹೊರಟ. ಹೋಗುತ್ತಲೇ ಕೂಗಿದ: "ಆರುದ್ಮೇಲೆ ಅರಿಶಿನ ಹಾಕಮ್ಮಿ!"

ಚಿಕ್ಕಬೋರಮ್ಮ ಡಬ್ಬಿ ತೆಗೆದರೆ ತಳದಲ್ಲಿ ಹಳದಿ ಬಣ್ಣ ಬಿಟ್ಟರೆ ಏನೂ ಇಲ್ಲ. ಕೂಸು ಅಳತೊಡಗಿತ್ತು, ಇಂದ್ರಮ್ಮನ ಮುಖ ಬಿಸಿಲಿಗೆ ಬಾಡಿತ್ತು. ಗಾಡಿಯ ಮೂಲೆಯಲ್ಲಿ ಬೆಳಗ್ಗೆ ಗಿರಣಿಯಲ್ಲಿ ಬೀಸಿಸಿದ್ದ ರಾಗಿ ಹಿಟ್ಟಿನ ಚೀಲವಿತ್ತು. ಅರಿಶಿನವೂ ಪುಡಿಯೇ, ಇದೂ ಪುಡಿಯೇ ಎಂದುಕೊಂಡಳು. ಅರಿಶಿನಕ್ಕಿಂತ ರಾಗಿ ಇನ್ನೂ ಚೆನ್ನಾಗಿ ಅಂಟುತ್ತದೆ ಎಂಬುದು ಅಡುಗೆ ಮಾಡಿದ ಕೈಗೆ ಗೊತ್ತೇ ಇತ್ತು. ಮೂರು ಹಿಡಿ ಹಾಕಿದಳು. ಹೊನ್ನಯ್ಯ ಬಂದು ನೀರು ತುಂಬಿದ. ಸೋರಿಕೆ ಗಪ್ಪನೆ ನಿಂತಿತು.

"ನೋಡ್ದಾ, ಅರಿಶಿನದ ಮಹಿಮೆ" ಅಂದ ಹೊನ್ನಯ್ಯ. ಅವಳು ಒಳಗೊಳಗೇ ಹಿಗ್ಗಿದಳು. ಮನೆಗೆ ಹೋದ ಮೇಲೆ ಹೇಳಿ ನಗಿಸೋಣ ಎಂದುಕೊಂಡಳು.

ಇಂದ್ರಮ್ಮನನ್ನೂ ಕೂಸನ್ನೂ ಸುಖವಾಗಿ ಇಳಿಸಿದ್ದಾಯಿತು. ವಾಪಸ್ಸು ಬರುವಾಗ ಇಂಜಿನ್ನು ಕುದಿಯತೊಡಗಿತು, ಬಡಿದುಕೊಂಡಿತು, ಮದ್ದೂರು ಕಾಣುವಷ್ಟು ದೂರದಲ್ಲಿ ಟಪ್ಪೆಂದು ಸದ್ದು ಮಾಡಿ ನಿಂತುಹೋಯಿತು. ಹೊನ್ನಯ್ಯ ಬಟ್ಟೆ ಹಿಡಿದು ಮುಚ್ಚಳ ತೆಗೆದ. ಒಳಗೆ ಕಂದು ಬಣ್ಣದ ಗಂಜಿ ಗುಳುಗುಳು ಕುದಿಯುತ್ತಿತ್ತು. ಬೆರಳಿಗೆ ಹತ್ತಿಸಿ ಮೂಸಿದ. ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು ತುಂಬಿ ಬರುತ್ತಿತ್ತು.

ಅವನು ದಾರಿಯ ಕಲ್ಲಿನ ಮೇಲೆ ಕೂತು ಬೆರಳು ಒರೆಸಿಕೊಂಡ. ಆಮೇಲೆ ಕೇಳಿದ: "ಉಪ್ಪಾಕಿದ್ಯೇನಮ್ಮಿ?"

ಅವಳು ಅಳುತ್ತಲೇ ನಕ್ಕಳು. ನಗುತ್ತಲೇ ಮತ್ತೆ ಅತ್ತಳು.

ಯಾರದೋ ಎತ್ತು ಕಟ್ಟಿ ಗಾಡಿಯನ್ನು ಮದ್ದೂರಿನ ಕರಿಯಯ್ಯ ಮೇಸ್ತ್ರಿಯ ಷೆಡ್ಡಿಗೆ ಎಳೆಸಿದರು. ಕರಿಯಯ್ಯ ಮೂತಿಯೊಳಗೆ ಇಣುಕಿ, "ಏನ್ ಹೊನ್ನಣ್ಣ, ಗಾಡಿಗೆ ಮುದ್ದೆ ಉಣ್ಸಿದ್ಯಾ? ಸಾರು ಯಾವ್ದು?" ಎಂದ.

"ಬಸ್ಸಾರು. ನೀ ಮೊದ್ಲು ಬಿಚ್ಲಾ."

ಬಿಚ್ಚಿ ನೋಡಿದ ಮೇಲೆ ಕರಿಯಯ್ಯನ ಹುಡುಗಾಟ ನಿಂತಿತು. ಕಾವಿಗೆ ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಬಾಗಿತ್ತು, ಅದರಡಿಯ ಗ್ಯಾಸ್ಕೆಟ್ಟಿನ ಹಾಳೆ ಸುಟ್ಟಿತ್ತು, ನೀರಿನ ದಾರಿಗಳಲ್ಲೆಲ್ಲ ರಾಗಿ ಕಚ್ಚಿತ್ತು. "ಒಳ್ಗೆ ಬಿರುಕು ಬಿಟ್ಟಿದ್ರೆ ಈ ಇಂಜಿನ್ ಕತೆ ಮುಗೀತು ಅಂತ್ಲೇ ತಿಳ್ಕ. ಕ್ಲೀನಾಗ್ದೆ ಅದೂ ಗೊತ್ತಾಗಕಿಲ್ಲ" ಎಂದು ಕಂಬಿ ತುರುಕಿ ಕೆರೆಯತೊಡಗಿದ.

ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ. "ಬುಡು ಕರಿಯಣ್ಣ. ಮುದ್ದೆ ಮಡಕೆನ ಹಂಗ್ ಕೆರುದ್ರೆ ಮಡಕೆನೇ ಓಯ್ತದೆ. ನೀರಾಕಿ ನೆನಿಯಾಕ್ ಬುಡು, ಹುಳಿ ಬರ್ಲಿ. ತಾನಾಗೇ ಬುಡ್ತದೆ."

"ಹುಳಿ ಬರಾಕೆ ಇದೇನ್ ಅಂಬ್ಲಿಯಾ ಅಕ್ಕ?"

"ಮತ್ತಿನ್ನೇನು?"

ಕರಿಯಯ್ಯ ಕಂಬಿ ಕೆಳಗಿಟ್ಟು ನಕ್ಕುಬಿಟ್ಟ. ಮದ್ದೂರಿನಲ್ಲೇ ಇದ್ದ ತನ್ನ ತಂಗಿಯ ಮನೆಯಿಂದ ಚಿಕ್ಕಬೋರಮ್ಮ ಒಂದು ಲೋಟ ಹುಳಿ ಅಂಬಲಿ ತಂದು, ಉಗುರು ಬೆಚ್ಚಗಿನ ನೀರಿನ ಜೊತೆ ಇಂಜಿನ್ನಿಗೆ ಹೆಪ್ಪು ಹಾಕಿದಳು. ಗಂಡ ಹೆಂಡಿರು ತಂಗಿಯ ಮನೆಯಲ್ಲೇ ಉಳಿದರು. ಇಡೀ ಷೆಡ್ಡು ಅಂಬಲಿಯ ವಾಸನೆ ಹೊಡೆಯಿತು. ಬಂದ ಡ್ರೈವರುಗಳು, "ಈರುಳ್ಳಿ ತರಾನ ಮೇಸ್ತ್ರಿ?" ಎಂದು ಗೇಲಿ ಮಾಡಿದರು. ಪ್ರತಿ ಬೆಳಗ್ಗೆ ಅವಳು ಬಂದು, ಮೂತಿ ಬಿಚ್ಚಿದ ಗಾಡಿಯ ಮುಂದೆ ನಿಂತು ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನೀರು ಹಾಕಲು ಜಾಗವಿಲ್ಲದೆ ಸೋಸಿದ ನೀರನ್ನು ಷೆಡ್ಡಿನ ತುಳಸಿಗೆ ಹಾಕಿ ಹೋಗುತ್ತಿದ್ದಳು.

ಸುದ್ದಿ ಕೇಳಿ ಮುದ್ದಯ್ಯ ಬಂದರು. ಮಗಳನ್ನು ತರಲು ಹೋಗಿ ಹೀಗಾಯಿತಲ್ಲ ಎಂದು ಅವರಿಗೆ ನಿಜಕ್ಕೂ ನೋವಾಗಿತ್ತು. "ಹೊನ್ನಯ್ಯ, ನಮ್ ಹಳೇ ಲಾರಿದು ಡೀಸಲ್ ಇಂಜಿನ್ನು ಆಲೆಮನೆಲಿ ಸುಮ್ನೆ ಬಿದ್ದೈತೆ. ಕಬ್ಬರೆಯಾಕೆ ಬೇರೆದು ಐತೆ ನಂಗೆ. ತಗಂಡು ಕೂರಿಸ್ಕೊ. ಗುಂಡಿ ಒತ್ತುದ್ರೆ ಹತ್ಕತದೆ, ಹ್ಯಾಂಡಲ್ ಕಾಟನೂ ಪೆಟ್ರೋಲ್ ಕಾಟನೂ ತಪ್ತದೆ. ನೀ ಒಂದ್ ಕಾಸೂ ಕೊಡಕೂಡ್ದು."

ಈ ಸಲ ಹೊನ್ನಯ್ಯ ಬೀಡಿ ಹಚ್ಚಲಿಲ್ಲ, "ನೋಡಾನ" ಅನ್ನಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ: "ನಂಗೂ ಭುಜ ಬತ್ತಾ ಇಲ್ಲ ಕಣಮ್ಮಿ. ಆದ್ರೆ ಗಾಡಿಗೆ ದಿನಾ ನೀರಾಕೋಳು ನೀನು. ನೀನೇ ಹೇಳು. ನೀ ಹೆಂಗಂದ್ರೆ ಹಂಗೆ."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು. ಕೆಡಿಸಿದವಳು ತಾನು, ಈಗ ಬೇಡವೆನ್ನುವ ಬಾಯಿ ಎಲ್ಲಿಂದ ತರಲಿ? ಆದರೆ ಹಿಂದಿನ ವರ್ಷ ಡೀಸೆಲ್ ಇಂಜಿನ್ನು ಕೂರಿಸಿದ್ದ ವ್ಯಾನೊಂದರಲ್ಲಿ ಬಂಡೂರಿನ ಬಸುರಿಯೊಬ್ಬಳ ಜೊತೆ ಹೋದದ್ದು ಅವಳಿಗೆ ಮರೆತಿರಲಿಲ್ಲ. ನಿಂತಾಗಲೂ ಅದು ಗಡಗಡ ನಡುಗುತ್ತಿತ್ತು. ಚೊಂಬಿನ ನೀರೆಲ್ಲ ಚೆಲ್ಲಿ ಕಂಬಳಿ ನೆನೆದಿತ್ತು. ಆ ಹುಡುಗಿ ಮಂಡ್ಯ ಬರುವವರೆಗೂ ಅವಳ ಕೈಯನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. "ಇಂಜಿನ್ ಜೋಡ್ಸಿದ್ ದಿನ ಹೇಳ್ತೀನಿ" ಎಂದಳು ಗಂಡನಿಗೆ.

ನಾಲ್ಕನೇ ದಿನಕ್ಕೆ ರಾಗಿ ತೆಳ್ಳಗೆ ಹುಳಿನೀರಾಗಿ ಇಳಿದುಬಂತು. ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಲ್ಲಿ ತೊಳೆದು ನೋಡಿದರೆ ಎಲ್ಲೂ ಬಿರುಕಿಲ್ಲ. ಕರಿಯಯ್ಯ ದಪ್ಪ ಗಾಜಿನ ಮೇಲೆ ಮರಳು ಕಾಗದ ಹಾಸಿ ಹೆಡ್ಡನ್ನು ಉಜ್ಜಿ ಉಜ್ಜಿ ಮಟ್ಟ ಮಾಡಿದ. ಹೊನ್ನಯ್ಯ ರೈಲು ಹತ್ತಿ ಬೆಂಗಳೂರಿನ ಗುಜರಿಯಲ್ಲಿ ತಡಕಿ ಗ್ಯಾಸ್ಕೆಟ್ಟು ತಂದ.

ಜೋಡಿಸಿದ ದಿನ ಮುದ್ದಯ್ಯ ಡೀಸೆಲ್ ಇಂಜಿನ್ನನ್ನು ಎತ್ತಿನಗಾಡಿಯ ಮೇಲೆ ಹೇರಿಸಿಕೊಂಡೇ ಬಂದಿದ್ದರು. ಗೋಣಿತಾಟು ಹೊದಿಸಿದ ಅದು ಷೆಡ್ಡಿನ ಬಾಗಿಲಲ್ಲಿ ಕಾಯುತ್ತಿತ್ತು. ಚಿಕ್ಕಬೋರಮ್ಮ ನೀರು ಸೋಸಿ ತುಂಬಿದಳು. ಹೊನ್ನಯ್ಯ ಹ್ಯಾಂಡಲ್ ಹೊಡೆದ. ಕೆಮ್ಮಿತು, ನಿಂತಿತು. ಮತ್ತೆ ಹೊಡೆದ. ಒಂದಿಷ್ಟು ಬಿಳಿ ಹೊಗೆ ಬಂತು, ಅಷ್ಟೆ. ಅವನು ಭುಜ ಹಿಡಿದು ನಿಂತಾಗ ಕರಿಯಯ್ಯ ಹ್ಯಾಂಡಲಿಗೆ ಕೈ ಹಾಕಿದ. ಹೊನ್ನಯ್ಯ ತಲೆಯಾಡಿಸಿ ಇನ್ನೊಮ್ಮೆ ತಾನೇ ಹೊಡೆದ.

ಹತ್ತಿಕೊಂಡಿತು. ಮೊದಲು ತಡವರಿಸಿತು, ಆಮೇಲೆ ಮಜ್ಜಿಗೆ ಕಡೆಯುವ ಆ ಹಳೇ ಸದ್ದು. ಹೊನ್ನಯ್ಯ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ.

"ಸಂತೋಸ" ಎಂದರು ಮುದ್ದಯ್ಯ. "ಆದ್ರೂ ಇದು ಇನ್ನೆಷ್ಟು ದಿನವ್ವಾ? ಪೆಟ್ರೋಲು ಇನ್ನೂ ಏರ್ತದೆ. ನಾ ತಂದಿರೋದು ತಂದಾಯ್ತು. ಇಳಿಸ್ಕೊಬುಡಿ."

ಹೊನ್ನಯ್ಯ ಹೆಂಡತಿಯ ಕಡೆ ನೋಡಿದ. ಬೇಡ ಎಂದರೆ ಅವನ ಭುಜಕ್ಕೆ ಬಿಡುವಿಲ್ಲ, ಬೆಲ್ಲದ ಬಾಡಿಗೆಯಲ್ಲಿ ಬರುವುದೆಲ್ಲ ಪೆಟ್ರೋಲಿಗೇ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಅವಳು ಹಿತ್ತಾಳೆ ಚೊಂಬಿಗೆ ಅಂಚಿನವರೆಗೂ ನೀರು ತುಂಬಿ, ಗಾಡಿ ಹಿಂದಿನ ಹಲಗೆಯ ಮೇಲೆ, ಬಾಣಂತಿಯರು ತಲೆಯಿಡುವ ಜಾಗದಲ್ಲಿ ಇಟ್ಟಳು. ಇಂಜಿನ್ನು ಓಡುತ್ತಲೇ ಇತ್ತು. ನೀರು ಸಣ್ಣಗೆ ಕಂಪಿಸಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಮುದ್ದಯ್ಯ ಬಗ್ಗಿ ಅದನ್ನೇ ನೋಡುತ್ತಾ ನಿಂತರು.

"ನಿಮ್ ಮಗ್ಳು ಬಂದಿದ್ದು ಇದ್ರಲ್ಲೇ ಅಲ್ವಾ ಅಣ್ಣಯ್ಯ" ಎಂದಳು ಚಿಕ್ಕಬೋರಮ್ಮ. "ಮನೆಗ್ ಬಂದ್ಮೇಲೆ ಮೈ ನೋವು ಅಂದ್ಳಾ?"

"ಇಲ್ಲ. ದಾರಿಲಿ ನಿದ್ದೆ ಬಂತು ಅಂದ್ಳು."

"ನಿಮ್ ಮನಸ್ಸು ದೊಡ್ಡದು. ಆದ್ರೆ ಇದು ನಮ್ಗೆ ಬ್ಯಾಡ. ಎತ್ತು ಕಟ್ಸಿ, ಬಿಸ್ಲೇರೋಕ್ ಮುಂಚೆ ವಾಪಸ್ ತಗಂಡೋಗಿ."