ಅಭಾದ ತೋಟಗಳನ್ನು ಸುತ್ತಿದ ವರ್ಷ

ನಮ್ಮ ಮಗು ಹೊಟ್ಟೆಯಲ್ಲೇ ತೀರಿಹೋದ ವರ್ಷ ನಾನು ಅಭಾದ ತೋಟಗಳನ್ನೆಲ್ಲ ಸುತ್ತಿದೆ. ಅದಕ್ಕೂ ಮೊದಲು ಮನೆ, ಆಸ್ಪತ್ರೆ, ತರಕಾರಿ ಅಂಗಡಿ ಬಿಟ್ಟರೆ ಸೌದಿಯ ಆ ಬೆಟ್ಟದೂರಲ್ಲಿ ನಾನು ಬೇರೇನನ್ನೂ ನೋಡಿರಲಿಲ್ಲ. ಗಂಡ ಒಂದು ಗುತ್ತಿಗೆ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತಿದ್ದರು. ಬಂಟ್ವಾಳದ ಕಡೆಯಿಂದ ಮದುವೆಯಾಗಿ ಬಂದವಳಿಗೆ ಆ ಬೆಟ್ಟದ ಮೇಲಿನ ಚಳಿಯೇ ಹೊಸದು. ಬಸುರಿಯಾದ ಮೇಲಂತೂ ಕಂಬಳಿ ಹೊದ್ದು ಕಿಟಕಿ ಬಳಿ ಕೂತೇ ದಿನ ಕಳೆದಿದ್ದೆ.

ಎಂಟನೇ ತಿಂಗಳಲ್ಲಿ ಮಗುವಿನ ಅಲುಗಾಟ ನಿಂತಿತು. ಹೆರಿಗೆಯಾಯಿತು, ಆದರೆ ಅಳು ಕೇಳಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಗಂಡ ಎತ್ತಿಕೊಂಡು ಹೋಗಿ ದಫನ ಮಾಡಿ ಬಂದರು. ಅಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವ ಹಾಗಿಲ್ಲ. ನಾನು ವಾರ್ಡಿನ ಮಂಚದಲ್ಲೇ ಇದ್ದೆ. ಎಲ್ಲಿ ಮಲಗಿಸಿದಿರಿ ಎಂದು ಕೇಳಿದಾಗ ಅವರು, "ಗೋಡೆಯ ಹತ್ತಿರ, ಒಳ್ಳೆ ಜಾಗ" ಎಂದಷ್ಟೇ ಹೇಳಿದರು.

ಹೆರಿಗೆ ವಾರ್ಡಿನ ನರ್ಸೊಬ್ಬರು ಉಡುಪಿ ಕಡೆಯವರು. ನನಗಿಂತ ಬಹಳ ದೊಡ್ಡವರು. ನಾನವರನ್ನು ಅಕ್ಕ ಎನ್ನುತ್ತಿದ್ದೆ. ರಜೆಯ ದಿನ ಅವರು ಮನೆಗೆ ಬಂದರು.

"ಎಂತ ಮಾರಾಯ್ತಿ, ಪರದೆ ಸಹ ತೆಗಿಲಿಲ್ಲವಾ ನೀನು? ಏಳು, ಮುಖ ತೊಳ್ಕೊ. ಪಾರ್ಕಿಗೆ ಹೋಗುವ."

"ನಾನು ಬರುದಿಲ್ಲ ಅಕ್ಕ."

"ನಿನಗೆ ಬೇಡ, ಗೊತ್ತುಂಟು. ನನಗೆ ಹೋಗ್ಲಿಕ್ಕುಂಟು. ಜೊತೆಗೆ ಬಾ ಅಷ್ಟೆ."

ಜಕರಂಡಾ ಮರಗಳು ಹೂ ಬಿಡುವ ಕಾಲವದು. ರಸ್ತೆ, ಬೆಂಚು, ನಿಲ್ಲಿಸಿದ ಕಾರುಗಳು ಎಲ್ಲ ನೇರಳೆ. ಜನ ಚಾಪೆ ಹಾಸಿ, ಫ್ಲಾಸ್ಕಿನಲ್ಲಿ ಚಹಾ ತಂದು ಕೂತಿದ್ದರು. ಒಂದು ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸಿನ ಹೊಟ್ಟೆಯ ಮೇಲೆ ಹೂ ಉದುರುತ್ತಿತ್ತು. ತಾಯಿ ಮಾತಾಡುತ್ತಲೇ ಒಂದೊಂದಾಗಿ ಅವನ್ನು ತೆಗೆದುಹಾಕುತ್ತಿದ್ದಳು. ನಾನು ಎದ್ದು ಹೊರಟುಬಿಟ್ಟೆ. ಅಕ್ಕ ತಡೆಯಲಿಲ್ಲ, ಹಿಂದಿನಿಂದ ಬಂದರು. ಮುಂದಿನ ವಾರ ಮತ್ತೆ ಬಾಗಿಲು ತಟ್ಟಿದರು.

ಆಮೇಲೆ ಅದು ಅಭ್ಯಾಸವಾಯಿತು. ಅಕ್ಕನಿಗೆ ಡ್ಯೂಟಿ ಇದ್ದ ಶುಕ್ರವಾರಗಳಲ್ಲಿ ಗಂಡ ಕಾರು ತೆಗೆಯುತ್ತಿದ್ದರು. ಅಣೆಕಟ್ಟಿನ ಪಕ್ಕದ ಉದ್ಯಾನ, ಗುಲಾಬಿಯ ಪಾತಿಗಳಿದ್ದ ಇನ್ನೊಂದು, ಕಡಿದಾದ ಬೆಟ್ಟದ ಅಂಚಿನಲ್ಲಿ ಮಂಗಗಳ ಹಿಂಡು ಅಲೆಯುವ ಮತ್ತೊಂದು. ಬಹಳ ಹೊತ್ತು ನಡೆಯುತ್ತಿದ್ದೆವು.

ಆ ಬೆಟ್ಟದ ಅಂಚಿನಲ್ಲೇ ಒಂದು ದಿನ ಕಣಿವೆಯಿಂದ ಮಂಜು ಮೇಲೇರಿ ಮುಂದಿನ ಮರವೂ ಕಾಣದಂತಾಯಿತು. ಗಂಡ ಕಲ್ಲಿನ ಮೇಲೆ ಕೂತುಬಿಟ್ಟರು.

"ನಾನು ಮೊನ್ನೆ ಹೋಗಿದ್ದೆ, ಅಲ್ಲಿಗೆ" ಎಂದರು. "ನನಗೆ ಗುರ್ತು ಸಿಗ್ಲಿಲ್ಲ. ಮಳೆ ಬಂದು ಮಣ್ಣು ಕೂತಿದೆ. ಪಕ್ಕದಲ್ಲಿ ಹೊಸ ಖಬರು ಸುಮಾರು ಆಗಿದೆ. ಎಲ್ಲ ಒಂದೇ ಹಾಗೆ ಕಾಣ್ತದೆ."

ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಅಷ್ಟು ದಿನ ನಾನು ಅಳುವಾಗಲೆಲ್ಲ ಅವರು ನೀರು ತಂದುಕೊಟ್ಟಿದ್ದರು. ಆ ದಿನ ಅವರು ಅತ್ತರು. ಮಂಜು ಇಳಿಯುವವರೆಗೆ ನಾವು ಅಲ್ಲೇ ಇದ್ದೆವು.

ನಮ್ಮ ಮನೆ ಮಾಲೀಕನ ತಾಯಿ ಕೆಳಗಿನ ಮನೆಯಲ್ಲಿದ್ದರು. ಹಿತ್ತಿಲಲ್ಲಿ ಎತ್ತರದ ಗೋಡೆಯ ಒಳಗೆ ಅವರದೊಂದು ತೋಟ. ಮೇಲಿನಿಂದ ನನಗೆ ಅಂಜೂರದ ಮರದ ತುದಿ ಮಾತ್ರ ಕಾಣುತ್ತಿತ್ತು. ಅಕ್ಕನಿಗೆ ಅರಬಿ ಚೆನ್ನಾಗಿ ಬರುತ್ತಿತ್ತು. ಮೆಟ್ಟಿಲ ಬಳಿ ಆ ಮುದುಕಿ ಎದುರಾದಾಗ ಅಕ್ಕ ತಾವೇ ಕೇಳಿ ನನ್ನನ್ನು ಒಳಗೆ ಕರೆದೊಯ್ದರು. ದಾಳಿಂಬೆ, ಪುದೀನ, ಕಾಮಕಸ್ತೂರಿ, ಮುಟ್ಟಿದರೆ ಕೈಯೆಲ್ಲ ಘಾಟು ಹಿಡಿಯುವ ಯಾವುದೋ ಬೂದು ಎಲೆಯ ಗಿಡ. ಗೋಡೆ ಪಕ್ಕ ಮಲ್ಲಿಗೆ. ಅಕ್ಕ ಒಂದು ಮೊಗ್ಗನ್ನು ಮೂಗಿಗೆ ಹಿಡಿದು, "ನಮ್ಮದೇ ಅಲ್ವಾ ಇದು" ಎಂದರು.

ಮುದುಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೋ ಕೇಳಿದರು. ಅಕ್ಕ ನನ್ನ ಮುಖ ನೋಡಿದರು, ಹೇಳಲೋ ಬೇಡವೋ ಎಂಬಂತೆ.

"ಮಗು ಗಂಡಾ ಹೆಣ್ಣಾ ಅಂತ ಕೇಳ್ತಿದ್ದಾರೆ."

ಊರಿನಿಂದ ಫೋನ್ ಮಾಡಿದವರೆಲ್ಲ ಸಬೂರಿನಿಂದ ಇರು, ಇನ್ನೊಂದಾಗುತ್ತದೆ ಎಂದಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಬಿನ್ತ್" ಎಂದೆ. ಹೆಣ್ಣು.

"ಹೆಸರೆಂತ ಅಂತೆ."

ಹೆಸರೊಂದನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದೆ. ಮುದುಕಿ ಅದನ್ನು ತಮ್ಮ ಅರಬಿ ಉಚ್ಚಾರದಲ್ಲಿ ಮೆಲ್ಲಗೆ ತಿರುಗಿ ಹೇಳಿ, ನನ್ನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ಅವರದೂ ಎರಡು ಮಕ್ಕಳು ಹೋಗಿವೆಯಂತೆ, ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ, ಎಂದು ಅಕ್ಕ ಹೇಳಿದರು. ಅವರು ಹೇಳಿದ ಹೆಸರುಗಳು ನನಗೆ ಅರ್ಥವಾದವು, ಬೇರೆ ಮಾತು ಆಗಲಿಲ್ಲ.

ಆ ಸಂಜೆ ಗಂಡನಿಗೆ ಹೆಸರು ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು, "ಒಳ್ಳೆ ಹೆಸರು. ನನಗೆ ಮೊದಲೇ ಹೇಳ್ಬಹುದಿತ್ತು" ಎಂದರು. ಆಮೇಲೆ ಒಮ್ಮೆ ಆ ಹೆಸರು ಕರೆದು ನೋಡಿದರು, ಒಳಕೋಣೆಯಲ್ಲಿ ಯಾರೋ ಇದ್ದ ಹಾಗೆ.

ಕೆಳಗಿನ ತೋಟಕ್ಕೆ ಆಮೇಲೆ ನಾನು ಒಬ್ಬಳೇ ಹೋಗತೊಡಗಿದೆ. ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದರೆ ಮುದುಕಿ ಬಾಗಿಲು ತೆಗೆಯುತ್ತಿದ್ದರು. ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆವು. ಅಷ್ಟರಲ್ಲಿ ಕಂಪನಿಯ ಕೆಲಸ ಮುಗಿದು ಗಂಡನನ್ನು ರಾಸ್ ತನೂರಾಕ್ಕೆ ಹಾಕಿದರು. ಸೌದಿಯ ಇನ್ನೊಂದು ತುದಿ. ಬೇಡವೆನ್ನುವಂತಿರಲಿಲ್ಲ, ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಕಂಪನಿಯ ಕೈಯಲ್ಲಿತ್ತು. ಹೊರಡುವ ಬೆಳಿಗ್ಗೆ ಖಬರಸ್ತಾನದ ಬಳಿ ಕಾರು ನಿಲ್ಲಿಸಿ ಗಂಡ ಒಳಗೆ ಹೋದರು. ನಾನು ಗಾಜು ಇಳಿಸಿ ಕೂತೆ. ಅವರು ಗೋಡೆಯುದ್ದಕ್ಕೂ ನಡೆದು, ಎಲ್ಲರಿಗೂ ಸೇರಿ ಒಂದು ದುವಾ ಮಾಡಿ ಬಂದರು.

ರಾಸ್ ತನೂರಾದಲ್ಲಿ ಸಮುದ್ರದ ಪಕ್ಕ ಒಂದು ಪಾರ್ಕಿದೆ. ಉಪ್ಪು ಗಾಳಿಗೆ ಗಿಡಗಳೆಲ್ಲ ಒಂದೇ ಕಡೆ ಬಾಗಿವೆ. ಕಳೆದ ಶುಕ್ರವಾರ ಅಲ್ಲಿ ಕುಂದಾಪುರದ ಒಂದು ಸಂಸಾರ ಸಿಕ್ಕಿತು. ಆ ಹೆಂಗಸು ಮಗುವಿಗೆ ಅನ್ನ ತಿನ್ನಿಸುತ್ತ, "ಮಕ್ಕಳೆಷ್ಟು ನಿಮಗೆ?" ಎಂದು ಕೇಳಿದಳು.

"ಒಬ್ಬಳು. ಅಭಾದಲ್ಲಿ ದಫನ ಆಗಿದೆ" ಎಂದೆ.

ಗಂಡ ನನ್ನ ಕಡೆ ತಿರುಗಿದರು. ಆ ಹೆಂಗಸು ತಟ್ಟೆ ಸರಿಸಿ, ಚಾಪೆಯಲ್ಲಿ ನಮಗಿಬ್ಬರಿಗೂ ಜಾಗ ಮಾಡಿಕೊಟ್ಟಳು.